ಮೂಲ ಪುಸ್ತಕ ಓದದ ಅದರ ಹೆಸರು ಹಾಕಬಹುದಾ?

ನೀವು ಕೇಳಿದ್ದು ಇಷ್ಟ ಅಲ್ರಿ, ಒಬ್ಬರ ಪುಸ್ತಕದಾಗ ಇನ್ನೊಬ್ಬರ ಮಾತು ಸಿಕ್ಕೈತಿ, ಮೂಲ ಪುಸ್ತಕ ಕೈಗೆ ಸಿಗವಲ್ದು, ಡಿಸರ್ಟೇಷನ್‌ದಾಗ ಯಾರ ಹೆಸರು ಹಾಕೂದು ಅಂತ. ನೀವು ಯಾವುದನ್ನ ಓದೀರಿ ಅದನ್ನ ಹಾಕ್ರಿ. ಅಜ್ಜ ಹಿಂಗ ಅಂದಿದ್ದ ಅಂತ ಕಾಕಾ ಹೇಳಿದ್ರ, ನಾಲ್ಕು ಮಂದಿ ಮುಂದ ನಾವು ಕಾಕಾನ ಹೆಸರು ತಗೋತೀವಿ, ಅಜ್ಜನ ಬಾಯಿಂದನ ಕೇಳಿದವರಂಗ ಹೇಳೂದಿಲ್ಲಲ್ಲ.

ನಾನ ಈ ತಪ್ಪು ಮಾಡೀನಿ. ನಮ್ಮೂರು ಬಾಗಲಕೋಟೆ, ಎಂ.ಫಿಲ್‌ಗೆ ಬಾದಾಮಿ ಚಾಲುಕ್ಯರ ಶಾಸನ ತಗೊಂಡಿದ್ದೆ. ಐಹೊಳೆ ಮೇಗುಟಿ ಗುಡಿ ಶಾಸನದ ಬಗ್ಗೆ ಒಂದು ಹಳೇ ಥೀಸಿಸ್‌ನ್ಯಾಗ ಓದಿ, ಅದರ ಅಡಿಟಿಪ್ಪಣಿ ಇದ್ದಂಗ ಎತ್ತಿ, ಎಪಿಗ್ರಾಫಿಯಾ ಇಂಡಿಕಾ ಸಂಪುಟ 6, ಕೀಲ್‌ಹಾರ್ನ್ ಅಂತ ಬರದೆ (ಶಾಸನ ಅಚ್ಚು ಹಾಕೂ ಸಂಪುಟಮಾಲಿ ಅದು, ಅದರಾಗ ಈ ಶಾಸನ ಸಂಪಾದಿಸಿದ ವಿದ್ವಾಂಸರು ಇವರು), ನಾನ ಲೈಬ್ರರ್ಯಾಗ ಕುಂತು ಹಾಳಿ ತಿರುವಿ ನೋಡೀನಿ ಅನ್ನೂಹಂಗ. ಆ ಥೀಸಿಸ್‌ನವರು ಶಕ 556 ಅನ್ನೂದನ್ನ ಕ್ರಿ.ಶ. 556 ಅಂತ ಬರದುಬಿಟ್ಟಿದ್ರು, ನಾನೂ ಅದನ್ನ ಇಳಿಸಿದೆ. ಶಕ ವರ್ಷಕ್ಕ 78 ಕೂಡಿಸಿದ್ರ ಕ್ರಿ.ಶ. ಬರ್ತೈತಿ, ಅಂದ್ರ ಅದು 634 ಆಗ್ತೈತಿ. ವೈವಾಕ್ಕ (ಮೌಖಿಕ ಪರೀಕ್ಷೆಗೆ) ಬಂದ ಸರ್ ಕೇಳಿದ್ರು, 'ಅಲ್ರೀ, ಇಮ್ಮಡಿ ಪುಲಕೇಶಿ ಪಟ್ಟಕ್ಕ ಬಂದದ್ದ 609-10ರ ಸುಮಾರು, ಅದಕ್ಕೂ ಐವತ್ತು ವರ್ಷ ಮೊದಲ ಈ ಶಾಸನದ ಕವಿ ರವಿಕೀರ್ತಿ ಅವನ್ನ ಹೊಗಳಿ ಬರದಿಟ್ಟಿದ್ನೇನು? ಕೀಲ್‌ಹಾರ್ನ್ ಹಂಗ ಬರದಾರ?' ನನಗ ಬಾಯಿನ ಬರಲಿಲ್ಲ. ಥೀಸಿಸ್ ಹೆಸರು ಹಾಕಿದ್ರ ತಪ್ಪು ಎಲ್ಲಿಂದ ಬಂತು ಅಂತರೆ ಗೊತ್ತಾಗ್ತಿತ್ತು, ನನ್ನ ಕಳ್ಳಾಟಕ್ಕ ಪಾಪ ಕೀಲ್‌ಹಾರ್ನ್ ಸಾಹೇಬ್ರ ತಲಿಮ್ಯಾಲ ಬಂತು.

ಇನ್ನ ಬರಿಯೂ ರೀತಿ. ಆಕರ ಹಾಕೂದಕ್ಕ ಎಪಿಎ, ಎಂಎಲ್ಎ, ಶಿಕಾಗೋ ಅಂತ ಬ್ಯಾರೆ ಬ್ಯಾರೆ ಪದ್ಧತಿ ಅದಾವ. ಎಪಿಎ ಸ್ಟೈಲ್ ಆದ್ರ ವಾಕ್ಯದೊಳಗ ಮೂಲ ಲೇಖಕರ ಹೆಸರು ಹೇಳಿ 'ಇಂಥವರಲ್ಲಿ ಉಲ್ಲೇಖಿತ' ಅಂತ ಓದಿದ ಪುಸ್ತಕದವರದು ಹಾಕ್ರಿ, ಕೊನಿಗೆ ಗ್ರಂಥಋಣದಾಗ ನೀವು ಓದಿದ್ದು ಒಂದ ಬರಬೇಕು. ಎಂಎಲ್ಎದಾಗೂ ಹೆಚ್ಚುಕಡಿಮಿ ಹಂಗ. ಶಿಕಾಗೋ ಆದ್ರ ಅಡಿಟಿಪ್ಪಣಿಯೊಳಗ ಎರಡೂ ಪುಸ್ತಕದ ವಿವರ ಕೊಡಬೇಕು. ಯಾವ ಸ್ಟೈಲ್ ಅಂತ ಗೈಡ್‌ನ ಮೊದಲ ಕೇಳ್ಕೊಂಡಬಿಡ್ರಿ, ಆಮ್ಯಾಲ ಎಲ್ಲಾ ತಿದ್ದೂದು ಭಾಳ ಬ್ಯಾಸರ.

ಹಿಂಗ ಇನ್ನೊಬ್ಬರ ಪುಸ್ತಕದ ಮೂಲಕ ಉಲ್ಲೇಖಿಸೂದಕ್ಕೂ 'ದ್ವಿತೀಯಕ ಆಕರ' ಅನ್ನೂದಕ್ಕೂ ಗೊಂದಲ ಮಾಡ್ಕೋಬ್ಯಾಡ್ರಿ. ಶಾಸನ ಮೂಲ ಆಕರ, ಅದರ ಬಗ್ಗೆ ಇತಿಹಾಸಕಾರರು ಬರದ ಪುಸ್ತಕ ದ್ವಿತೀಯಕ, ಅದನ್ನ ಓದಿ ಹಾಕೂದು ತಪ್ಪಲ್ಲ. ಓದದ ಓದೀನಿ ಅನ್ನೂದು ತಪ್ಪು.

ಆದ್ರ ಮೂಲ ಸಿಗೂದಿಲ್ಲ ಅನ್ನೂಕಿಂತ ಮೊದಲ ಒಮ್ಮೆ ಸರಿಯಾಗಿ ಹುಡುಕ್ರಿ. ಎಪಿಗ್ರಾಫಿಯಾ ಇಂಡಿಕಾದ ಹಳೇ ಸಂಪುಟ ಆರ್ಕೈವ್ ಡಾಟ್ ಆರ್ಗ್‌ನ್ಯಾಗ ಪುಕ್ಕಟ ಸಿಗ್ತಾವ, ಥೀಸಿಸ್ ಆದ್ರ ಥೀಸಿಸ್ ಇಡೂ ವೆಬ್‌ಸೈಟ್ ಶೋಧಗಂಗಾ ನೋಡ್ರಿ. ನನಗ ಆ ಸಂಪುಟ ಸಿಕ್ಕಿದ್ದು ವೈವಾ ಮುಗಿದ ರಾತ್ರಿ, ಫೋನ್‌ನ್ಯಾಗ, ಹತ್ತ ನಿಮಿಷಕ್ಕ! ಮೂಲ ಇದ್ದೂ ನಮಗ ಓದಾಕ ಬರದ ಭಾಷೆದಾಗಿದ್ರ ಮಾತು ಬ್ಯಾರೆ. ನನ್ನ ಗೆಳೆಯ ಒಬ್ಬ ವಿಜಯಪುರದ ಆದಿಲ್‌ಶಾಹಿಗಳ ಮ್ಯಾಲ ಬರದ, ಫಾರಸಿ ಒಂದಕ್ಷರ ಬರೂದಿಲ್ಲ, ಫಾರಸಿಯಾಗ ಇತಿಹಾಸ ಬರದ ಫೆರಿಶ್ತಾನ ಮಾತು ಬಂದಲ್ಲೆಲ್ಲಾ ಬ್ರಿಗ್ಸ್ 1829ರಾಗ ಮಾಡಿದ ಇಂಗ್ಲಿಷ್ ಅನುವಾದ ಅಂತ ಸೀದಾ ಹಾಕಿದ. ಅವಂಗ ವೈವಾದಾಗ ಅದರ ಬಗ್ಗೆ ಯಾರೂ ಒಂದ ಮಾತೂ ಕೇಳಲಿಲ್ಲ.