ಉಕ್ಕು, ಅಲ್ಯೂಮಿನಿಯಂ, ಕಾರ್ಬನ್, ಟೈಟಾನಿಯಂ: ಮೌಂಟನ್ ಬೈಕ್ ಫ್ರೇಮ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕೋ ಅಲ್ಯೂಮಿನಿಯಮ್ಮೋ ಎಂದು ತೀರ್ಮಾನವಾಗುತ್ತಿಲ್ಲ. ಅಲ್ಯೂಮಿನಿಯಂ ಆದರೆ ಮೈಕೈ ನೋವು ಖಂಡಿತ, ಉಕ್ಕಾದರೆ ಕುಲುಕಾಟವೇ ತಿಳಿಯುವುದಿಲ್ಲ ಎನ್ನುತ್ತಾರೆ. ನಿಜವೇ? ನನ್ನ ತೂಕ 72 ಕೆ.ಜಿ.

ಉತ್ತರ: ಪೂರ್ತಿ ಸುಳ್ಳಲ್ಲ. ಆದರೆ ಕಾರಣ ಇರುವುದು ಲೋಹಕ್ಕಿಂತ ಹೆಚ್ಚಾಗಿ ಕೊಳವೆಯ ಅಳತೆಯಲ್ಲಿ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ (ಬಿಗಿತದ ಅಳತೆಯಲ್ಲಿ 205 ಗಿಗಾಪಾಸ್ಕಲ್ ಎದುರು 69). ತೂಕವೂ ಹೆಚ್ಚುಕಡಿಮೆ ಮೂರು ಪಟ್ಟು: ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ. ಒಂದೇ ಅಳತೆಯ ಕೊಳವೆ ಮಾಡಿದರೆ ಸುಲಭವಾಗಿ ಬಾಗುವುದು ಅಲ್ಯೂಮಿನಿಯಮ್ಮೇ.

ಹಾಗೆ ಒಂದೇ ಅಳತೆಯಲ್ಲಿ ಯಾರೂ ಮಾಡುವುದಿಲ್ಲ. ಗೋಡೆಯ ದಪ್ಪ ಬದಲಿಸದೆ ಕೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಎಂಟು ಪಟ್ಟಾಗುತ್ತದೆ. 31.8 ಮಿ.ಮೀ. ವ್ಯಾಸ, 0.6 ಮಿ.ಮೀ. ಗೋಡೆಯ ಉಕ್ಕಿನ ಡೌನ್ ಟ್ಯೂಬ್ (ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಒಂದು ಕಡೆ, 44 ಮಿ.ಮೀ. ವ್ಯಾಸ, 1.2 ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಟ್ಯೂಬ್ ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಿ. ಅಲ್ಯೂಮಿನಿಯಂ ಕೊಳವೆ ತೂಕದಲ್ಲಿ ನೂರಕ್ಕೆ ಐದಾರರಷ್ಟು ಕಡಿಮೆ, ಬಿಗಿತದಲ್ಲಿ ಸುಮಾರು 1.7 ಪಟ್ಟು. ಇಷ್ಟು ದಪ್ಪ ಮಾಡಲು ಇನ್ನೊಂದು ಕಾರಣವೂ ಇದೆ. ಉಕ್ಕಿಗೆ ಒಂದು ಮಿತಿಯಿದೆ. ಅದಕ್ಕಿಂತ ಕಡಿಮೆ ಹೊರೆಯನ್ನು ಎಷ್ಟು ಲಕ್ಷ ಸಲ ಹೇರಿದರೂ ಅದು ದಣಿದು ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ, ಸಣ್ಣ ಹೊರೆಯೂ ತನ್ನ ಲೆಕ್ಕ ಬರೆದಿಡುತ್ತಲೇ ಹೋಗುತ್ತದೆ. ಅದಕ್ಕೇ ವಿನ್ಯಾಸಕಾರರು ಅದು ಬಾಗದಂತೆಯೇ ಕಟ್ಟುತ್ತಾರೆ. ನಿಮಗೆ ಗಡುಸು ಅನ್ನಿಸುವುದು ಆ ಬಿಗಿತ.

ಆದರೂ ಫ್ರೇಮಿನ ತ್ರಿಕೋನ ಯಾವ ಲೋಹದ್ದಾದರೂ ಮೇಲೆ-ಕೆಳಗೆ ಬಾಗುವುದು ಮಿಲಿಮೀಟರ್ ಲೆಕ್ಕದಲ್ಲಿ, 2.4 ಇಂಚಿನ ಟೈರ್ ಅದುಮಿಕೊಳ್ಳುವುದು ಸೆಂಟಿಮೀಟರ್ ಲೆಕ್ಕದಲ್ಲಿ. ನಿಮ್ಮ ತೂಕಕ್ಕೆ ಆ ಅಗಲದ ಟ್ಯೂಬ್‌ಲೆಸ್ ಟೈರಾದರೆ ಮುಂದೆ 20ರಿಂದ 22, ಹಿಂದೆ 23ರಿಂದ 25 ಪಿಎಸ್‌ಐ (ಒತ್ತಡದ ಅಳತೆ) ಗಾಳಿಯಿಂದ ಶುರು ಮಾಡಿ. ಒಳಗೆ ಟ್ಯೂಬ್ ಇದ್ದರೆ ಮೂರು-ನಾಲ್ಕು ಪಿಎಸ್‌ಐ ಹೆಚ್ಚು. 40 ಪಿಎಸ್‌ಐ ತುಂಬಿಸಿ ಓಡಿಸುತ್ತ ಫ್ರೇಮನ್ನು ಬೈಯುವವರೇ ಹೆಚ್ಚು. ಸೀಟ್ ಪೋಸ್ಟನ್ನೂ (ಸೀಟು ಹೊತ್ತ ಕಂಬ) ಗಮನಿಸಿ: ಒಂದೇ ಲೋಹ, ಒಂದೇ ಗೋಡೆ ಇದ್ದರೆ 27.2 ಮಿ.ಮೀ. ಪೋಸ್ಟ್ 31.6ಕ್ಕಿಂತ ಒಂದೂವರೆ ಪಟ್ಟು ಬಾಗುತ್ತದೆ. ಏರಿಳಿಯುವ ಡ್ರಾಪರ್ ಪೋಸ್ಟ್ ಹಾಕಿಸುವ ಯೋಚನೆ ಇದ್ದರೆ ಮಾತ್ರ 30.9 ಅಥವಾ 31.6 ಇರುವ ಫ್ರೇಮನ್ನೇ ಆರಿಸಿ, ಆಯ್ಕೆ ಹೆಚ್ಚು ಸಿಗುವುದು ಆ ಅಳತೆಗಳಲ್ಲಿ.

ಮೊದಲ ಸೈಕಲ್ ಎಂದಾದರೆ ನಮ್ಮ ಓಟು ಅಲ್ಯೂಮಿನಿಯಂಗೆ. ಅದೇ ಹಣಕ್ಕೆ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಬ್ರೇಕ್, ಟೈರ್ ಒಂದು ದರ್ಜೆ ಮೇಲಿನವು ಬರುತ್ತವೆ, ಓಡಿಸುವಾಗ ಅನುಭವಕ್ಕೆ ಬರುವುದು ಅವೇ.

ಪ್ರಶ್ನೆ: ಒಂದು ಫ್ರೇಮಿನ ಮೇಲೆ 6061, ಇನ್ನೊಂದರ ಮೇಲೆ 7005 ಎಂದು ಬರೆದಿದೆ. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದೇ?

ಉತ್ತರ: ಸಂಖ್ಯೆ ಗುಣಮಟ್ಟದ ಅಂಕವಲ್ಲ, ಮಿಶ್ರಲೋಹದ ಹೆಸರು. 6061ರಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್, 7005ರಲ್ಲಿ ಮುಖ್ಯವಾಗಿ ಸತು. 7005 ಸ್ವಲ್ಪ ಗಟ್ಟಿ, ಬೆಸುಗೆಯ ನಂತರ ಹದವಾದ ಶಾಖದಲ್ಲಿ ಇಟ್ಟು ಮಾಗಿಸಿದರೆ ಸಾಕು. 6061 ಅನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ತಣಿಸಿ, ಸೊಟ್ಟಗಾದದ್ದನ್ನು ನೇರ ಮಾಡಿ, ಮತ್ತೆ 170 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡಬೇಕು. ಕೆಲಸ ಹೆಚ್ಚು, ಆದರೆ ತೇವ-ಉಪ್ಪಿನ ಗಾಳಿಗೆ 6061 ಚೆನ್ನಾಗಿ ತಡೆಯುತ್ತದೆ. ಓಡಿಸುವವರಿಗೆ ಇವುಗಳ ವ್ಯತ್ಯಾಸ ತಿಳಿಯದು. ಅಂಟಿಸಿದ ಸ್ಟಿಕ್ಕರ್ ಬಿಟ್ಟು ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಕೆಳಗಿನ ಬೆಸುಗೆ ನೋಡಿ: ಸಾಲು ಒಂದೇ ಅಗಲವಾಗಿರಬೇಕು, ಅಂಚಿನಲ್ಲಿ ಕೊಳವೆ ಕೊರೆದಂತೆ ತಗ್ಗು ಇರಬಾರದು.

ಪ್ರಶ್ನೆ: ಕಲ್ಲಿನ ಇಳಿಜಾರಿನಲ್ಲಿ ಬಿದ್ದು ನನ್ನ ಕಾರ್ಬನ್ ಫ್ರೇಮಿನ ಡೌನ್ ಟ್ಯೂಬ್ ಅಡಿಯಲ್ಲಿ ಬೆರಳುಗುರಿನಷ್ಟು ಗಾತ್ರದ ಗಾಯವಾಗಿದೆ. ಓಡಿಸಬಹುದೇ? ಎಲ್ಲಿಯವರೆಗೆ ಗೀರು, ಎಲ್ಲಿಂದ ಬಿರುಕು?

ಉತ್ತರ: ಪರೀಕ್ಷೆ ಮುಗಿಯುವವರೆಗೆ ಓಡಿಸಬೇಡಿ. ಕಾರ್ಬನ್ ಫ್ರೇಮ್ ಎಂದರೆ ಪ್ಲೈವುಡ್‌ನಂತೆ ಬೇರೆ ಬೇರೆ ದಿಕ್ಕಿಗೆ ಹಾಸಿದ ಕಾರ್ಬನ್ ಎಳೆಗಳ ಪದರಗಳು, ನಡುವೆ ಎಪಾಕ್ಸಿ ಅಂಟು. ಎಳೆಯ ಉದ್ದಕ್ಕೆ ಜಗ್ಗಿದರೆ ಅದರ ಶಕ್ತಿ ಅಪಾರ. ಚೂಪು ಕಲ್ಲು ಅಡ್ಡಡ್ಡ ಬಡಿದಾಗ ಪೆಟ್ಟು ತಾಳಬೇಕಾದದ್ದು ಅಂಟು, ಅದು ಎಳೆಯಷ್ಟು ಗಟ್ಟಿಯಲ್ಲ. ಅಲ್ಯೂಮಿನಿಯಂ ಆಗಿದ್ದರೆ ತಗ್ಗು ಬಿದ್ದು ಗುರುತು ಹೇಳುತ್ತಿತ್ತು. ಕಾರ್ಬನ್ ಒಳಗೆ ಪದರ ಬಿಟ್ಟುಕೊಂಡು ಹೊರಗೆ ಮೊದಲಿನ ಆಕಾರಕ್ಕೇ ಮರಳಬಲ್ಲದು.

ಮೊದಲು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಕೊಳವೆಗೆ ಓರೆಯಾಗಿ ಹಿಡಿದರೆ ಉಬ್ಬು-ತಗ್ಗು ನೆರಳಾಗಿ ಕಾಣುತ್ತದೆ. ಉಗುರು ಎಳೆದು ನೋಡಿ: ಮೇಲಿನ ಪಾರದರ್ಶಕ ಲೇಪ ಮಾತ್ರ ಕಿತ್ತಿದ್ದರೆ ಅಂಚು ನುಣುಪಾಗಿ ಸಿಗುತ್ತದೆ, ಕಪ್ಪು ಎಳೆ ಹರಿದಿದ್ದರೆ ತರಿತರಿ. ಹತ್ತಿ ಬಟ್ಟೆ ಸವರಿದಾಗ ನೂಲು ಸಿಕ್ಕಿಕೊಂಡರೂ ಎಳೆ ಎದ್ದಿದೆ ಎಂದೇ ಅರ್ಥ. ಆಮೇಲೆ ನಾಣ್ಯದ ಅಂಚಿನಿಂದ ಗಾಯದ ಸುತ್ತ ಅರ್ಧ ಸೆಂಟಿಮೀಟರಿಗೊಮ್ಮೆ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ಜಾಗದಲ್ಲಿ ಟಣ್ ಎಂಬ ಚುರುಕು ಸದ್ದು, ಪದರ ಬಿಟ್ಟಲ್ಲಿ ಟಪ್ ಎಂಬ ಮಂಕು ಸದ್ದು. ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರುವ ಜಾಗ) ಕಡೆಗೆ ಗೋಡೆ ದಪ್ಪವಾಗುವುದರಿಂದ ಸದ್ದು ತಾನಾಗಿಯೇ ಬದಲಾಗುತ್ತದೆ. ಆದ್ದರಿಂದ ಎಡದ ಜಾಗವನ್ನು ಅದಕ್ಕೆ ಸರಿಯಾದ ಬಲದ ಜಾಗದೊಂದಿಗೇ ಹೋಲಿಸಬೇಕು. ಕೊನೆಗೆ ಹೆಬ್ಬೆರಳಿನಿಂದ ಒತ್ತಿ. ಸುತ್ತಲಿಗಿಂತ ಮೆತ್ತಗಿದ್ದರೆ, ಕರಕರ ಎಂದರೆ, ಬೇರೆ ಪರೀಕ್ಷೆ ಬೇಕಿಲ್ಲ, ಫ್ರೇಮ್ ಪಕ್ಕಕ್ಕಿಡಿ.

ಲೇಪ ಮಾತ್ರ ಹೋಗಿದ್ದರೆ ಒಣಗಿದ ಮೇಲೆ ಪಾರದರ್ಶಕ ಉಗುರುಬಣ್ಣ ಎರಡು ಸಲ ಹಚ್ಚಿ, ಗಾಯದ ಎರಡೂ ತುದಿಗೆ ಪೆನ್ನಿನಿಂದ ಗುರುತು ಹಾಕಿ. ನಾಲ್ಕಾರು ಸವಾರಿಯ ನಂತರ ಗೀರು ಗುರುತು ದಾಟಿ ಬೆಳೆದಿದ್ದರೆ ಅದು ಗೀರಲ್ಲ. ನಾಣ್ಯದ ಪರೀಕ್ಷೆ ದೋಷ ಹಿಡಿಯುತ್ತದೆ, ದೋಷ ಇಲ್ಲವೆಂದು ಖಾತರಿ ಕೊಡುವುದಿಲ್ಲ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ತಪಾಸಣೆ ಮಾಡುವ ಕಾರ್ಬನ್ ರಿಪೇರಿಯವರಿಗೇ ತೋರಿಸಿ. ಹಾನಿಯಾದ ಕಾರ್ಬನ್ ಕೊಳವೆಯನ್ನು ಸರಿಪಡಿಸಬಹುದು: ಹಾಳಾದ ಪದರಗಳನ್ನು ಇಳಿಜಾರಾಗಿ ಉಜ್ಜಿ ತೆಗೆದು, ಮೊದಲಿದ್ದ ದಿಕ್ಕಿನಲ್ಲೇ ಹೊಸ ಪದರ ಹಾಸಿ, ನಿರ್ವಾತದ ಚೀಲದಲ್ಲಿ ಒತ್ತಿ ಗಟ್ಟಿಯಾಗಿಸುತ್ತಾರೆ. ಮೇಲಿನಿಂದ ಒಂದು ತೇಪೆ ಅಂಟಿಸುವುದು ರಿಪೇರಿ ಅಲ್ಲ.

ಗುಡ್ಡದ ದಾರಿಯಲ್ಲಿ ಕಾರ್ಬನ್ ಹಾಳಾಗುವುದು ಬಿದ್ದು ಮಾತ್ರವಲ್ಲ. ಕೆಸರು ಮೆತ್ತಿದ ಟೈರ್ ಚೈನ್ ಸ್ಟೇಯ (ಪೆಡಲ್ ಬಳಿಯಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಕೊಳವೆ) ಒಳಬದಿಯನ್ನು ಉಪ್ಪುಕಾಗದದಂತೆ ತೇಯುತ್ತದೆ, ಕೇಬಲ್ ಉಜ್ಜುವಲ್ಲಿ ಕಾಲುವೆ ಬೀಳುತ್ತದೆ. ಎರಡೂ ಕಡೆ ದಪ್ಪ ರಕ್ಷಣಾ ಟೇಪ್ ಅಂಟಿಸಿ. ರಿಪೇರಿ ಸ್ಟ್ಯಾಂಡಿನ ದವಡೆಗೆ ಟಾಪ್ ಟ್ಯೂಬ್ (ಫ್ರೇಮಿನ ಮೇಲಿನ ಅಡ್ಡ ಕೊಳವೆ) ಕೊಡಬೇಡಿ, ಸೀಟ್ ಪೋಸ್ಟ್ ಹಿಡಿಸಿ. ಸೀಟ್ ಕ್ಲ್ಯಾಂಪನ್ನು (ಪೋಸ್ಟನ್ನು ಬಿಗಿಹಿಡಿಯುವ ಪಟ್ಟಿ) ಕೈಯಂದಾಜಿನಲ್ಲಿ ಬಿಗಿಯಬೇಡಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು, ಫ್ರೇಮಿನ ಮೇಲೆ ಬರೆದಿದ್ದರೆ ಅದೇ ಅಂತಿಮ. ಪೋಸ್ಟ್ ಜಾರುತ್ತಿದ್ದರೆ ಬೋಲ್ಟ್ ಇನ್ನಷ್ಟು ತಿರುಗಿಸದೆ ಮರಳಿನಂಥ ಕಣಗಳಿರುವ ಕಾರ್ಬನ್ ಪೇಸ್ಟ್ ಹಚ್ಚಿ.

ಪ್ರಶ್ನೆ: ಅಲ್ಯೂಮಿನಿಯಂ ಫ್ರೇಮಿನ ಸೀಟ್ ಟ್ಯೂಬ್ (ಸೀಟ್ ಪೋಸ್ಟ್ ಕೂರುವ ಕೊಳವೆ), ಟಾಪ್ ಟ್ಯೂಬ್ ಸೇರುವಲ್ಲಿ ಸಣ್ಣ ಬಿರುಕು ಕಂಡಿದೆ. ಆರ್ಗನ್ ವೆಲ್ಡಿಂಗ್ ಮಾಡಿಸಿದರೆ ಆಯಿತಲ್ಲವೇ?

ಉತ್ತರ: ಆಗುವುದಿಲ್ಲ. ಬೆಸುಗೆಯ ಶಾಖಕ್ಕೆ ಪಕ್ಕದ ಲೋಹ ಮೆತ್ತಗಾಗಿ ಅದರ ಶಕ್ತಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ಬೆಸುಗೆಯಾದ ಮೇಲೆ ಇಡೀ ಫ್ರೇಮನ್ನು ಕುಲುಮೆಗೆ ಹಾಕಿ ಶಕ್ತಿ ಮರಳಿ ತರುತ್ತಾರೆ (ಮೇಲೆ ಹೇಳಿದ 530 ಡಿಗ್ರಿಯ ಕೆಲಸ). ಅದಿಲ್ಲದೆ ಹಾಕಿದ ಬೆಸುಗೆ ಗಟ್ಟಿಯಾಗಿ ಕಂಡು, ಅದರ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಬಿರುಕಿನ ತುದಿಗೆ ರಂಧ್ರ ಕೊರೆಯುವ ಉಪಾಯವೂ ಸವಾರಿಗೆ ಆಗದು. ಫ್ರೇಮ್ ಬದಲಿಸಿ.

ಆ ಜಾಗದಲ್ಲಿ ಬಿರುಕಿಗೆ ಸಾಮಾನ್ಯ ಕಾರಣ ಪೋಸ್ಟನ್ನು ತೀರಾ ಮೇಲೆ ಎತ್ತಿ ಓಡಿಸುವುದು. ಪೋಸ್ಟಿನ ಮೇಲಿನ ಕನಿಷ್ಠ ಗುರುತು ಒಳಗೆ ಹೋದರೆ ಸಾಲದು, ಅದರ ಕೆಳತುದಿ ಟಾಪ್ ಟ್ಯೂಬ್ ಸೇರುವ ಜಾಗವನ್ನೂ ದಾಟಿ ಕೆಳಗಿರಬೇಕು. ಇಲ್ಲದಿದ್ದರೆ ನಿಮ್ಮ ಇಡೀ ಭಾರ ಬೆಸುಗೆಯ ಮೇಲೆ ಸನ್ನೆಗೋಲು ಹಾಕುತ್ತದೆ. ಉಕ್ಕಿನ ಫ್ರೇಮಾಗಿದ್ದರೆ ಇದೇ ಬಿರುಕನ್ನು ಒಳ್ಳೆಯ ಬೆಸುಗೆಗಾರರು ಸರಿಪಡಿಸಬಲ್ಲರು, ಕೊಳವೆಯನ್ನೇ ಬದಲಿಸಲೂ ಬರುತ್ತದೆ. ಉಕ್ಕಿನ ಪರವಾಗಿ ನಾವು ಹೇಳುವ ಮೊದಲ ಮಾತು ಇದೇ.

ಪ್ರಶ್ನೆ: ಉಕ್ಕಿನ ಫ್ರೇಮಿಗೆ ಒಳಗಿನಿಂದ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಉತ್ತರ: ಮಳೆಯಲ್ಲಿ ಓಡಿಸಿದ ದಿನ ಪೋಸ್ಟ್ ಕಳಚಿ ಸೈಕಲನ್ನು ತಲೆಕೆಳಗಾಗಿ ಇಡಿ, ನೀರು ಇಳಿಯಲಿ. ಬಾಟಮ್ ಬ್ರಾಕೆಟ್ ಅಡಿಯ ಸಣ್ಣ ತೂತು ಕೆಸರಿನಿಂದ ಮುಚ್ಚಿರದಂತೆ ನೋಡಿಕೊಳ್ಳಿ. ಹೊಸದಾಗಿ ಕೊಂಡಾಗ, ಬಿಡಿಭಾಗ ಜೋಡಿಸುವ ಮೊದಲೇ, ಪ್ರತಿ ಕೊಳವೆಯೊಳಗೆ ಮೇಣದಂಶವುಳ್ಳ ತುಕ್ಕುನಿರೋಧಕ ಅಥವಾ ಕುದಿಸಿದ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಹೆಚ್ಚಾದದ್ದನ್ನು ಬಸಿದು ಕೆಲವು ದಿನ ಒಣಗಲು ಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತುತ್ತದೆ. ಬಿಡಿಸಿ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿಡಿ. ಬಣ್ಣದಡಿ ಗುಳ್ಳೆ ಎದ್ದರೆ ಅಲ್ಲಿ ಕೆರೆದು ನೋಡಿ.

ಪ್ರಶ್ನೆ: ಟೈಟಾನಿಯಂ ಫ್ರೇಮ್ ಜೀವನಪೂರ್ತಿ ಬಾಳುತ್ತದೆಯಂತೆ. ಆದರೆ ನನ್ನದರಲ್ಲಿ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಅಲುಗಾಡದಂತೆ ಕಚ್ಚಿಕೊಂಡಿದೆ. ತುಕ್ಕೇ ಹಿಡಿಯದ ಲೋಹದಲ್ಲಿ ಹೀಗೇಕೆ?

ಉತ್ತರ: ತುಕ್ಕು ಹಿಡಿದದ್ದು ಟೈಟಾನಿಯಂಗಲ್ಲ, ಪೋಸ್ಟಿಗೆ. ಎರಡು ಬೇರೆ ಲೋಹಗಳ ನಡುವೆ ಬೆವರು, ಮಳೆನೀರು ಸೇರಿದರೆ ಬ್ಯಾಟರಿಯಂತೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಆಗ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪೋಸ್ಟ್ ಬಿಗಿದು ಕೂರುತ್ತದೆ. ಕಾರ್ಬನ್ ಫ್ರೇಮಿನಲ್ಲೂ ಇದೇ ಕಥೆ.

ಕ್ಲ್ಯಾಂಪ್ ಪೂರ್ತಿ ತೆಗೆಯಿರಿ. ಸಂದಿಗೆ ನುಸುಳುವ ಎಣ್ಣೆಯನ್ನು ಮೇಲಿನಿಂದ ಬಿಡಿ, ಫ್ರೇಮ್ ತಿರುವಿ ಬಾಟಮ್ ಬ್ರಾಕೆಟ್ ಕಡೆಯಿಂದಲೂ ಬಿಟ್ಟು ಒಂದು ಹಗಲು-ರಾತ್ರಿ ಕಾಯಿರಿ. ನಂತರ ಹಳೆಯ ಸೀಟು ಹಾಕಿ ಅದನ್ನೇ ಹಿಡಿಯಾಗಿಸಿ ಎಡಕ್ಕೆ-ಬಲಕ್ಕೆ ತಿರುಚಿ. ಎಳೆಯುವುದಕ್ಕಿಂತ ತಿರುಚುವುದು ಮೊದಲು. ಬಗ್ಗದಿದ್ದರೆ ಪೋಸ್ಟಿಗೆ ಮಂಜುಗಡ್ಡೆ ಕಟ್ಟಿ ತಣಿಸಿ. ಅಲ್ಯೂಮಿನಿಯಂ ಟೈಟಾನಿಯಂಗಿಂತ ಎರಡೂವರೆ ಪಟ್ಟು ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಪೋಸ್ಟೇ ಹೆಚ್ಚು ಹಿಗ್ಗಿ ಇನ್ನಷ್ಟು ಕಚ್ಚುತ್ತದೆ. ಯಾವುದೂ ಫಲಿಸದಿದ್ದರೆ ಪೋಸ್ಟನ್ನು ಮೇಲೆ ಕತ್ತರಿಸಿ, ಒಳಗಿನಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಒಳಕ್ಕೆ ಮಡಚಿ ತೆಗೆಯಬೇಕು. ಅದು ತಾಳ್ಮೆಯ ಕೆಲಸ, ಅನುಭವಿ ಮೆಕ್ಯಾನಿಕ್‌ಗೆ ಬಿಡುವುದು ಲೇಸು. ಮುಂದೆ ಗ್ರೀಸ್ ಹಚ್ಚಿ, ಎರಡು ಮೂರು ತಿಂಗಳಿಗೊಮ್ಮೆ ಕಳಚಿ ಒರೆಸಿ ಮತ್ತೆ ಹಚ್ಚಿ.

ಜೀವನಪೂರ್ತಿಯ ಮಾತು ಬೆಸುಗೆಯನ್ನು ಅವಲಂಬಿಸಿದೆ. ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ ಹೀರಿ ಪೆಡಸಾಗುತ್ತದೆ, ಆದ್ದರಿಂದ ಕೊಳವೆಯ ಒಳಗೂ ಹೊರಗೂ ಆರ್ಗನ್ ಹರಿಯುತ್ತಿರಬೇಕು. ಮೇಲ್ಮೈ ಉಜ್ಜಿರದ ಫ್ರೇಮಿನಲ್ಲಿ ಬೆಸುಗೆ ಬೆಳ್ಳಿ ಅಥವಾ ತಿಳಿ ಹುಲ್ಲಿನ ಬಣ್ಣದಲ್ಲಿದ್ದರೆ ಒಳ್ಳೆಯದು, ನೀಲಿಗೆ ತಿರುಗಿದ್ದರೆ ಅನುಮಾನಿಸಿ, ಬೂದು ಅಥವಾ ಬಿಳಿ ಪುಡಿಯಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ನನ್ನ ತೂಕ 105 ಕೆ.ಜಿ. ನನಗೆ ಯಾವ ಫ್ರೇಮ್ ಗಟ್ಟಿ?

ಉತ್ತರ: ಲೋಹ ನೋಡಬೇಡಿ, ಕೈಪಿಡಿಯ ಎರಡು ಸಾಲು ನೋಡಿ. ಒಂದು ಗರಿಷ್ಠ ಭಾರ. ಅದು ಸವಾರನದೋ, ಸೈಕಲ್-ಸಾಮಾನು ಸೇರಿ ಒಟ್ಟಿನದೋ ಓದಿ ತಿಳಿಯಿರಿ. ಇನ್ನೊಂದು ಬಳಕೆಯ ದರ್ಜೆ: 3 ಎಂದಿದ್ದರೆ 61 ಸೆಂ.ಮೀ.ಗಿಂತ ಕಡಿಮೆ ಜಿಗಿತಕ್ಕೆ, 4 ಎಂದಿದ್ದರೆ 122 ಸೆಂ.ಮೀ.ಗಿಂತ ಕಡಿಮೆ ಜಿಗಿತಕ್ಕೆ. ನಿಮ್ಮ ಭಾರಕ್ಕೆ ಫ್ರೇಮಿಗಿಂತ ಮೊದಲು ಸೋಲುವುದು ಹಿಂದಿನ ಚಕ್ರ. 32 ಕಡ್ಡಿಯ ಚಕ್ರವನ್ನೇ ಕೇಳಿ ಹಾಕಿಸಿಕೊಳ್ಳಿ, ಮೊದಲ ಕೆಲವು ಸವಾರಿಗಳ ನಂತರ ಕಡ್ಡಿಗಳ ಬಿಗಿ ಸಮ ಮಾಡಿಸಿ.