ಗರಡಿಯಲ್ಲಿ ಕುಸ್ತಿ ಕಲಿತ ದಾವಣಗೆರೆ ಹುಡುಗ ಎಂಎಂಎ ಫೈಟರ್ ಆಗಬಹುದಾ?

ಆಗಬಹುದು. ಕುಸ್ತಿ ಗೊತ್ತಿದ್ದರೆ ಅರ್ಧ ದಾರಿ ಬಂದ ಹಾಗೇ. ಆದರೆ ಗರಡಿಯ ಒಂದು ಅಭ್ಯಾಸವನ್ನು ಮರೆಯಲೇಬೇಕು.

ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ, ಕತ್ತು ಬಿಗಿಯುವ ಪಟ್ಟು ಎಲ್ಲವೂ ಸೇರಿದ ಕಾಳಗ. ಸಾಮಾನ್ಯವಾಗಿ 5 ನಿಮಿಷದ 3 ಸುತ್ತು. ಇದರಲ್ಲಿ ಪೈಲ್ವಾನನ ದೊಡ್ಡ ಲಾಭ ಏನೆಂದರೆ, ಕಾಳಗ ನಿಂತು ನಡೆಯಬೇಕೋ ನೆಲದ ಮೇಲೋ ಅನ್ನುವುದನ್ನು ಬಹುಮಟ್ಟಿಗೆ ಅವನೇ ನಿರ್ಧರಿಸುತ್ತಾನೆ. ಎತ್ತಿ ಕೆಡವಿದವನ ಮುಂದೆ ಎದುರಾಳಿಯ ಒದೆತ ನಡೆಯಲ್ಲ, ಅಲ್ವಾ? ರಷ್ಯಾದ ಖಬೀಬ್ ನುರ್ಮಗೊಮೆದೊವ್ 29 ಪಂದ್ಯ ಆಡಿ, ಒಂದೂ ಸೋಲದೆ 2020ರಲ್ಲಿ ನಿವೃತ್ತಿಯಾದದ್ದು ಮುಖ್ಯವಾಗಿ ಈ ಬಲದಿಂದಲೇ.

ಇನ್ನು ಆ ಅಭ್ಯಾಸ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು: ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಅದಕ್ಕೇ ಪೈಲ್ವಾನ ಬಿದ್ದ ತಕ್ಷಣ ಬೋರಲು ತಿರುಗುತ್ತಾನೆ. ಎಂಎಂಎಯಲ್ಲಿ ಹಾಗೆ ಬೆನ್ನು ಕೊಟ್ಟರೆ ಎದುರಾಳಿ ಹಿಂದಿನಿಂದ ಕತ್ತಿಗೆ ತೋಳು ಹಾಕಿ ಬಿಗಿಯುತ್ತಾನೆ. ಇಲ್ಲಿ ಅಂಗಾತ ಬಿದ್ದವನೂ ಗೆಲ್ಲಬಹುದು! ಕುಸ್ತಿಯಿಂದ 2019ರಲ್ಲಿ ಎಂಎಂಎಗೆ ಬಂದ ರಿತು ಫೋಗಟ್, 2021ರ ಒಂದು ಫೈನಲ್‌ನಲ್ಲಿ ಸೋತದ್ದು ಕೈ ನೇರ ಎಳೆದು ಮೊಣಕೈಯನ್ನು ಹಿಂದಕ್ಕೆ ಒತ್ತುವ ಪಟ್ಟಿಗೆ. ಅದೂ ಕಿಕ್‌ಬಾಕ್ಸಿಂಗ್‌ನಿಂದ ಬಂದ ಥಾಯ್ ಹುಡುಗಿಯ ಕೈಯಲ್ಲಿ.

ಹಾಗಾಗಿ ಗರಡಿ ಬಿಡಬೇಡಿ. ಜೊತೆಗೆ ಜುಜಿತ್ಸು (ನೆಲದ ಮೇಲೆ ಕತ್ತು, ಕೈಕಾಲು ಬಿಗಿಯುವ ಪಟ್ಟುಗಳ ಕಲೆ) ಮತ್ತು ಬಾಕ್ಸಿಂಗ್ ಕಲಿಯಿರಿ. ಸುಮ್ನೆ ಯೂಟ್ಯೂಬ್ ನೋಡಿ ಕಲಿತರೆ ಆಗಲ್ಲ, ಬಿಗಿಯುವವನೊಬ್ಬ ಎದುರಿಗೆ ಬೇಕು.