ಬೀಚ್ ಹತ್ತಿರ ಯಾರೋ ಬಿಟ್ಟುಹೋದ ಕುದುರೆಯನ್ನು ಮನೆಗೆ ತರಬಹುದಾ?

ತನ್ನಿ. ಆದರೆ ಮಳೆಗಾಲ ಶುರುವಾಗುವ ಮೊದಲೇ ಬೇರೆ ಮನೆ ಹುಡುಕುವ ಲೆಕ್ಕದಲ್ಲೇ ತನ್ನಿ.

ಸುರತ್ಕಲ್‌ನಲ್ಲಿ ಮನೆ, ಹಿಂದೆ 20 ಸೆಂಟ್ಸ್ ಜಾಗ, ಸವಾರಿಗೆ ಬಳಸುತ್ತಿದ್ದ ಬಡಕಲು ಕುದುರೆ ಅಂದಿರಲ್ಲ, ಮೊದಲು ಪೊಲೀಸರಿಗೆ ಬರೆದು ಕೊಡಿ. ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅದು ಮೈ ತುಂಬಿಕೊಂಡ ಮೇಲೆ "ನನ್ನದು" ಅಂತ ಯಾರಾದರೂ ಬಂದರೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ನಮ್ಮಲ್ಲಿಗೆ ಬಂದಿದ್ದರು!

ನಮ್ಮದು ಕಾಪು ಹತ್ತಿರ. ನಾವೂ ಹೀಗೇ ಒಂದನ್ನು ತಂದು ಸಾಕಿದ್ದೆವು. ಬಿಳಿ ಹೆಣ್ಣು ಕುದುರೆ, ಬೊಳ್ಳಿ ಅಂತ ಕರೆಯುತ್ತಿದ್ದೆವು. ಪಕ್ಕೆಲುಬು ಎಣಿಸಬಹುದಿತ್ತು. ಅಮ್ಮ ಪಾಪ ಅಂತ ಮೊದಲ ದಿನವೇ ಬಕೆಟ್ ತುಂಬ ಬೇಯಿಸಿದ ಹುರುಳಿ ಇಡಲು ಹೊರಟಿದ್ದರು, ಡಾಕ್ಟ್ರು ಫೋನಿನಲ್ಲೇ ಬೈದರು. ಉಪವಾಸ ಬಿದ್ದ ಕುದುರೆಗೆ ಒಮ್ಮೆಲೇ ಕಾಳು ತಿನ್ನಿಸಿದರೆ ರಕ್ತದ ಲವಣಾಂಶ ಏರುಪೇರಾಗಿ ಸತ್ತೇ ಹೋಗಬಹುದಂತೆ. ಹೊಟ್ಟೆ ಕೆಟ್ಟರೂ ಕಷ್ಟ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಘಟ್ಟದ ಮೇಲಿಂದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಮೇವು) ತರಿಸಿ, ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಟ್ಟೆವು, ರಾತ್ರಿ 2ಕ್ಕೂ ಎದ್ದು.

ಅದು ಹೇಗೋ ಆಯಿತು. ನಾವು ಸೋತದ್ದು ಮಳೆಗೆ. ಜೂನ್ ಬಂದರೆ ಹಟ್ಟಿಯ ನೆಲ ಒಣಗುವುದೇ ಇಲ್ಲ, ಗೊರಸಿನ ಅಡಿ ಕೊಳೆತು ನಾರಲು ಶುರುವಾಯಿತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೂ ಬೇಕು, ಲಾಳ ಕಟ್ಟುವವರನ್ನು ಈ ಕಡೆ ಹುಡುಕಿ ನೋಡಿ ಮಾರಾಯ್ರೇ, ಗೊತ್ತಾಗುತ್ತದೆ. ಮತ್ತೆ, ಕುದುರೆಗೆ ಕುದುರೆಯೇ ಜೊತೆ ಬೇಕು. ದನದ ಪಕ್ಕ ಕಟ್ಟಿದರೂ ಬೊಳ್ಳಿ ದಾರಿಯಲ್ಲಿ ಬೈಕ್ ಹೋದರೆ ಸಾಕು, ಕೆನೆಯುತ್ತಿತ್ತು.

ಬೊಳ್ಳಿಯನ್ನು ಕೊಡಿ ಅಂತ ಕೇಳಿಕೊಂಡು ಬಂದವರೇನೂ ಕಡಿಮೆ ಇರಲಿಲ್ಲ. ಒಬ್ಬರಿಗೆ ಮದುವೆ ದಿಬ್ಬಣಕ್ಕೆ ಬೇಕು, ಇನ್ನೊಬ್ಬರಿಗೆ ರೆಸಾರ್ಟ್‌ನಲ್ಲಿ ಮಕ್ಕಳ ಫೋಟೋಗೆ. ನಾನು ಎಲ್ಲರಿಗೂ ಕೇಳುತ್ತಿದ್ದದ್ದು ಒಂದೇ: ಈಗ ನಿಮ್ಮಲ್ಲಿ ಎಷ್ಟು ಕುದುರೆ ಇವೆ? ಕೊನೆಗೆ ಮೈಸೂರು ಕಡೆ ಎರಡು ಮುದಿ ಕುದುರೆ ಸಾಕುವ ತೋಟದವರು ಸಿಕ್ಕರು. ನಾವು ದುಡ್ಡು ತೆಗೆದುಕೊಳ್ಳಲಿಲ್ಲ. ಮಾರಬಾರದು, ಸವಾರಿಗೆ ಬಿಡಬಾರದು, ಆಗದಿದ್ದರೆ ನಮಗೇ ವಾಪಸ್ ಅಂತ ಬರೆಸಿಕೊಂಡೆವು.

ನೀವು ಈಗ 1962ಕ್ಕೆ ಫೋನ್ ಮಾಡಿ, ಅದು ಪಶು ಆಂಬುಲೆನ್ಸ್ ನಂಬರ್. ಟೆಟನಸ್ ಇಂಜೆಕ್ಷನ್ ಕೇಳಿ ಹಾಕಿಸಿ, ಗ್ಲ್ಯಾಂಡರ್ಸ್‌ಗೆ ರಕ್ತ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ ಕಾಯಿಲೆ, ಹಾಗಾಗಿ ರಿಪೋರ್ಟ್ ಬರುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರು ದಿನಕ್ಕೆ 25-30 ಲೀಟರ್ ಬೇಕು, ಬಾವಿ ಇದೆ ಅಲ್ವಾ?

ಆ ತೋಟದವರಲ್ಲಿ ಇನ್ನೊಂದಕ್ಕೆ ಜಾಗ ಇದೆಯಾ ಅಂತ ಸಂಜೆ ಕೇಳಿ ಹೇಳುತ್ತೇನೆ.